ಐಸ್ ಇಲ್ಲದ ಊರಲ್ಲಿ ಐಸ್ ಹಾಕಿ: ಮೊಮ್ಮಗನಿಗೆ ಮನೆಯೊಳಗೆ ಏನು ಮಾಡಿಸಬಹುದು?

ಪ್ರಶ್ನೆ: ಉಡುಪಿ ಹತ್ತಿರ ನಮ್ಮ ಮನೆ. ಮಗಳ ಸಂಸಾರ ಕೆನಡಾದಲ್ಲಿ, ಟೊರೊಂಟೊ ಪಕ್ಕ. ಮೊಮ್ಮಗನಿಗೆ ಒಂಬತ್ತು ವರ್ಷ, ಐಸ್ ಹಾಕಿಯ ಹುಚ್ಚು. ಈ ಸಲ ಜುಲೈ, ಆಗಸ್ಟ್ ಎರಡು ತಿಂಗಳು ನಮ್ಮಲ್ಲೇ ಇರುತ್ತಾನೆ. ದಿನಾ ಸ್ವಲ್ಪ ಸ್ಟಿಕ್‌ಹ್ಯಾಂಡ್ಲಿಂಗ್ ಮಾಡಿಸಿ ಅಂತ ಅವನ ಕೋಚ್ ಹೇಳಿದ್ದಾರಂತೆ. ಇಲ್ಲಿ ಐಸ್ ಎಲ್ಲಿಂದ ತರುವುದು? ಹೊರಗೆ ನೋಡಿದರೆ ಮಳೆ. ನನಗೋ ಈ ಆಟದ ಗಂಧಗಾಳಿ ಇಲ್ಲ. ಮನೆಯೊಳಗೆ ಏನು ಮಾಡಿಸಬಹುದು, ಏನೇನು ತರಿಸಬೇಕು?

ಉತ್ತರ: ನಮ್ಮ ಕಡೆ ಐಸ್ ಅಂದರೆ ಮಲ್ಪೆ ಬಂದರಿನಲ್ಲಿ ಮೀನಿನ ಮೇಲೆ ಸುರಿಯುವುದು ಒಂದೇ. ಜುಲೈ ಮುಗಿಯುವ ತನಕ ಟ್ರಾಲ್‌ಬೋಟ್‌ಗಳಿಗೆ ರಜೆ, ಹಾಗಾಗಿ ಅದೂ ಕಮ್ಮಿ. ಆದರೆ ಚಿಂತೆ ಬೇಡ ಮಾರಾಯ್ರೆ, ಕೋಚ್ ಹೇಳಿದ ಕೆಲಸ ಅಂದರೆ ಪಕ್ ಅನ್ನು (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಸ್ಟಿಕ್ಕಿನಿಂದ ಹತೋಟಿಯಲ್ಲಿಟ್ಟು ಆಚೆ ಈಚೆ ಆಡಿಸುವುದು, ಅದಕ್ಕೆ ಐಸ್ ಬೇಕಾಗಿಲ್ಲ. ನಾನು ಹನ್ನೆರಡು ವರ್ಷ ಕೆನಡಾದ ಆ ಕಡೆಯೇ ಇದ್ದೆ, ಮಗನ ತಂಡಕ್ಕೆ ಶನಿವಾರ ಭಾನುವಾರ ಪುಕ್ಕಟೆ ಕೋಚ್ ಆಗಿದ್ದೆ, ಈಗ ಮಂಗಳೂರಿನಲ್ಲಿ ಇದ್ದೇನೆ. ಅಲ್ಲಿಯೂ ಮಕ್ಕಳ ಕೈ ಪಳಗುವುದು ಮನೆಯ ನೆಲಮಾಳಿಗೆಯಲ್ಲಿ ಮತ್ತು ಕಾರು ನಿಲ್ಲಿಸುವ ಜಾಗದಲ್ಲಿ. ಐಸ್ ರಿಂಕ್‌ಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ಒಂದು ಗಂಟೆಯ ಪ್ರಾಕ್ಟೀಸ್‌ನಲ್ಲಿ ಹದಿನೈದು ಮಕ್ಕಳಿದ್ದರೆ, ಸಾಲಿನಲ್ಲಿ ನಿಂತದ್ದು, ನೀರು ಕುಡಿದದ್ದು, ಕೋಚ್ ಮಾತಾಡಿದ್ದು ಎಲ್ಲ ಕಳೆದು ಒಬ್ಬೊಬ್ಬನಿಗೆ ಪಕ್ ಮುಟ್ಟಲು ಸಿಗುವುದು ಕೆಲವೇ ನಿಮಿಷ. ಸ್ಕೇಟಿಂಗ್ ಅಲ್ಲೇ ಕಲಿಯಬೇಕು, ಅದಕ್ಕೆ ನಿಮ್ಮಲ್ಲಿ ದಾರಿ ಇಲ್ಲ. ಕೈ ಮಾತ್ರ ಎಲ್ಲಿ ಬೇಕಾದರೂ ಕಲಿಯುತ್ತದೆ.

ನಮ್ಮ ದೇಶದ್ದೇ ನೋಡಿ. ಲಡಾಖ್‌ನಲ್ಲಿ ಚಳಿಗಾಲದಲ್ಲಿ ಕೊಳ ಹೆಪ್ಪುಗಟ್ಟಿದಾಗ ಆಡಿಯೇ ಬೆಳೆದ ಹುಡುಗಿಯರು ಸುಮಾರು ಜನ ನಮ್ಮ ಮಹಿಳಾ ಐಸ್ ಹಾಕಿ ತಂಡದಲ್ಲಿ ಇದ್ದಾರೆ. ಆ ಐಸ್ ನಿಲ್ಲುವುದು ವರ್ಷಕ್ಕೆ ಒಂದೆರಡು ತಿಂಗಳು. ಆದರೂ ಆ ತಂಡ 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು.

ಮೊದಲು ಈ ಆಟಕ್ಕೂ ನಮ್ಮ ಹಾಕಿಗೂ ಇರುವ ವ್ಯತ್ಯಾಸ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೆರೆಮನೆಯವರು ಯಾರಾದರೂ ಬಂದು ಹುಡುಗನ ಕೈ ಹಾಳು ಮಾಡುತ್ತಾರೆ. ನಮ್ಮ ಹಾಕಿಯಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಲ್ಲಿ ಮಾತ್ರ ಚೆಂಡು ಮುಟ್ಟಬೇಕು, ಅದಕ್ಕೇ ನಮ್ಮವರು ಸ್ಟಿಕ್ಕನ್ನು ಆಚೆ ಈಚೆ ಮಗುಚುವುದು. ಐಸ್ ಹಾಕಿಯಲ್ಲಿ ಬ್ಲೇಡಿನ, ಅಂದರೆ ಸ್ಟಿಕ್ಕಿನ ಕೆಳತುದಿಯ ಅಗಲ ಪಟ್ಟಿಯ, ಎರಡೂ ಬದಿ ನಡೆಯುತ್ತದೆ. ನಮ್ಮಲ್ಲಿ ಎಲ್ಲರಿಗೂ ಎಡಗೈ ಮೇಲೆ, ಬಲಗೈ ಕೆಳಗೆ. ಅಲ್ಲಿ ಎರಡು ಥರದ ಸ್ಟಿಕ್ ಉಂಟು, ಎಡದ್ದು, ಬಲದ್ದು. ಕೆನಡಾದಲ್ಲಿ ಬಲಗೈಯಲ್ಲಿ ಬರೆಯುವ ಎಷ್ಟೋ ಮಕ್ಕಳು ಬಲಗೈಯನ್ನೇ ಮೇಲೆ ಹಿಡಿದು ಎಡಬದಿಯಿಂದ ಆಡುತ್ತಾರೆ. ಹೊಸಬರಿಗೆ ಅದು ಉಲ್ಟಾ ಕಾಣುತ್ತದೆ. "ಮಗಾ, ಕೈ ತಪ್ಪಾಯಿತು" ಅಂತ ತಿದ್ದಬೇಡಿ, ಅವನು ಹೇಗೆ ಹಿಡಿಯುತ್ತಾನೋ ಹಾಗೇ ಇರಲಿ. ದಾಯಾದಿ ಮಕ್ಕಳಲ್ಲಿ ಯಾರಾದರೂ ಶಾಲೆಯಲ್ಲಿ ಹಾಕಿ ಆಡುವವರಿದ್ದರೆ ಇಬ್ಬರೂ ಸೇರಿ ಆಡಲಿ, ಅವರವರ ಸ್ಟಿಕ್ ಅವರವರಿಗೆ.

ಸ್ಟಿಕ್ ಅಲ್ಲಿಂದಲೇ ಬರಬೇಕು. ಹೊಸದು ಬೇಡ, ಹೋದ ವರ್ಷದ್ದು ಸಾಕು, ಸಾಕು ಅಂತಲ್ಲ, ಅದೇ ಸರಿ. ಕಾರಣ ಇದು. ಸ್ಕೇಟ್ಸ್ ಹಾಕಿ ನಿಂತಾಗ ಸ್ಟಿಕ್ ಹುಡುಗನ ಗಲ್ಲದ ತನಕ ಬರಬೇಕು ಅನ್ನುವುದು ಲೆಕ್ಕ. ಸ್ಕೇಟ್ಸ್ ತೆಗೆದರೆ ಅವನು ಮೂರು ಇಂಚಿನಷ್ಟು ಕುಳ್ಳ ಆಗುತ್ತಾನೆ, ಅದೇ ಸ್ಟಿಕ್ ಮೂಗಿಗೆ ಬರುತ್ತದೆ. ಉದ್ದದ ಸ್ಟಿಕ್ ಹಿಡಿದು ಬರಿಗಾಲಲ್ಲಿ ಆಡಿದರೆ ಮೇಲಿನ ಕೈ ಎದೆಗೆ ಒತ್ತಿಕೊಳ್ಳುತ್ತದೆ, ಬ್ಲೇಡಿನ ತುದಿ ನೆಲ ಬಿಟ್ಟು ಮೇಲೇಳುತ್ತದೆ, ಎರಡು ತಿಂಗಳು ತಪ್ಪನ್ನೇ ಅಭ್ಯಾಸ ಮಾಡಿದ ಹಾಗೆ. ಹೋದ ವರ್ಷದ ಸ್ಟಿಕ್ ತಾನಾಗಿಯೇ ಹೆಚ್ಚುಕಮ್ಮಿ ಅಷ್ಟು ಚಿಕ್ಕದಿರುತ್ತದೆ, ಮಕ್ಕಳು ಬೆಳೆಯುತ್ತಾರಲ್ವಾ. ಹಳೆಯದು ಇಲ್ಲದಿದ್ದರೆ ಈಗಿನದನ್ನೇ ಮೇಲಿನಿಂದ ಮೂರು ಇಂಚು ಬಿಟ್ಟು ಹಿಡಿಯಲಿ. ಅಂದಹಾಗೆ ವಿಮಾನದಲ್ಲಿ ಸ್ಟಿಕ್ ಕೈಯಲ್ಲಿ ತರಲು ಬಿಡುವುದಿಲ್ಲ, ಚೆಕ್-ಇನ್ ಲಗೇಜಿಗೆ ಹಾಕಬೇಕು. ಉದ್ದದ ಸಾಮಾನಿನ ನಿಯಮ ಏನೆಂದು ಮಗಳು ಮೊದಲೇ ಕೇಳಿಕೊಳ್ಳಲಿ.

ಹಳೆಯದನ್ನೇ ತರಲಿ ಅನ್ನಲು ಇನ್ನೊಂದು ಕಾರಣ ಉಂಟು, ಅದು ನನ್ನದೇ ದಡ್ಡತನ. ಮಗನಿಗೆ ಎಂಟು ವರ್ಷ ಇದ್ದಾಗ ರಜೆಗೆ ಊರಿಗೆ ಬಂದಿದ್ದೆವು. ಹೊಸ ಸ್ಟಿಕ್ ಕೊಡಿಸಿ, ಮನೆಯ ಸಿಮೆಂಟ್ ಅಂಗಳದಲ್ಲಿ ಬೆಳಿಗ್ಗೆ ಸಂಜೆ ಅಭ್ಯಾಸ ಮಾಡಿಸಿದೆ. ಹತ್ತು ದಿನ ಕಳೆದು ಬ್ಲೇಡ್ ಮಗುಚಿ ನೋಡಿದರೆ ಟೇಪ್ ಹರಿದು, ಅಡಿ ಮುಕ್ಕಾಲು ತೇದುಹೋಗಿ, ತುದಿ ಗಂಧದ ಕೊರಡಿನ ಹಾಗೆ ಓರೆಯಾಗಿತ್ತು. ಸಿಮೆಂಟ್ ಅಂದರೆ ಉಪ್ಪುಕಾಗದ, ತಿಳಿದಿರಲಿ. ನನ್ನ ಅಮ್ಮ ಆ ಸ್ಟಿಕ್ಕಿನಲ್ಲಿ ಆಮೇಲೆ ಮಾವಿನಕಾಯಿ ಕೊಯ್ಯುತ್ತಿದ್ದರು.

ಈಗ ನೆಲ. ನಿಮ್ಮದು ಹಳೆಯ ಮನೆಯಾಗಿದ್ದು ಚಾವಡಿಯಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ನೀವು ಪುಣ್ಯವಂತರು. ಎಷ್ಟೋ ವರ್ಷ ಒರೆಸಿ ಒರೆಸಿ ಕನ್ನಡಿ ಹಾಗಾದ ಆ ನೆಲಕ್ಕಿಂತ ಒಳ್ಳೆಯದು ಟೊರೊಂಟೊದ ನೆಲಮಾಳಿಗೆಯಲ್ಲೂ ಸಿಗುವುದಿಲ್ಲ. ಟೈಲ್ಸ್ ಆದರೂ ನಡೆಯುತ್ತದೆ, ಸಂದುಗಳಲ್ಲಿ ಚೆಂಡು ಸಣ್ಣಗೆ ಹಾರುತ್ತದೆ ಅಷ್ಟೆ. ನೆಲದ ಬಗ್ಗೆ ಮನೆಯವರಿಗೆ ಬೇಜಾರು ಇದ್ದರೆ ಬಡಗಿಗೆ ಹೇಳಿ ನಾಲ್ಕು ಅಡಿಗೆ ನಾಲ್ಕು ಅಡಿಯ ಒಂದು ಪ್ಲೈವುಡ್ ತುಂಡಿಗೆ ಮೇಲೆ ಸನ್‌ಮೈಕಾ ಅಂಟಿಸಿ ಕೊಡಲು ಹೇಳಿ, ಅಡಿಗೆ ಹಳೇ ಕಂಬಳಿ ಹಾಸಿ. ಶಬ್ದವೂ ಕಮ್ಮಿ, ನೆಲವೂ ಉಳಿಯಿತು. ಹುಡುಗ ನಿಲ್ಲುವುದು ಹಲಗೆಯ ಹೊರಗೆ, ಚೆಂಡು ಮಾತ್ರ ಹಲಗೆಯ ಮೇಲೆ. ಕೇರಂ ಪೌಡರ್ ಹಾಕಿದರೆ ಇನ್ನೂ ಜಾರುತ್ತದಲ್ವಾ ಎಂಬ ಐಡಿಯಾ ಅವನಿಗೆ ಹೇಗೂ ಬರುತ್ತದೆ, ಬೇಡ ಅನ್ನಿ. ಜಾರಿ ಬೀಳುವುದು ಚೆಂಡಲ್ಲ, ಅವನ ಅಜ್ಜಿ. ಜಗಲಿಯಲ್ಲಿ ಎರಚಲು ಬೀಳುತ್ತದೆ, ಅಂಗಳದಲ್ಲಿ ಆಟಿ ತಿಂಗಳ ಪಾಚಿ, ಎರಡೂ ಕಡೆ ಬೇಡ.

ಚೆಂಡಿನ ವಿಷಯಕ್ಕೆ ಬಂದರೆ, ಪಕ್ ತರಬೇಕಾಗಿಲ್ಲ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಅದು. ಐಸ್ ಮೇಲೆ ಬೆಣ್ಣೆ, ನಮ್ಮ ನೆಲದ ಮೇಲೆ ಅಂಟು. ಅರ್ಧ ಅಡಿ ಹೋಗಿ ಎದ್ದು ಗಾಲಿಯ ಹಾಗೆ ಉರುಳುತ್ತದೆ, ಹುಡುಗನಿಗೆ ಸಿಟ್ಟು ಬರುತ್ತದೆ. ಅದಕ್ಕೆ ಬದಲು ಎರಡು ಚೆಂಡು ಇಟ್ಟುಕೊಳ್ಳಿ, ಒಂದು ಹಗುರ, ಒಂದು ಭಾರ. ಹಗುರಕ್ಕೆ ಗಾಲ್ಫ್ ಚೆಂಡು, 46 ಗ್ರಾಂ ಒಳಗೆ ತೂಗುತ್ತದೆ. ಸಿಗದಿದ್ದರೆ ಟೆನಿಸ್ ಚೆಂಡು, ಅದು 58 ಗ್ರಾಂ ಆಸುಪಾಸು. ಇನ್ನು ಭಾರದ್ದು. ಐಸ್ ಹಾಕಿ ಪಕ್ 156ರಿಂದ 170 ಗ್ರಾಂ ತೂಗುತ್ತದೆ. ನಮ್ಮ ಹಾಕಿ ಚೆಂಡು 156ರಿಂದ 163. ಕ್ರಿಕೆಟ್ಟಿನ ಲೆದರ್ ಚೆಂಡೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಕೆನಡಾದಲ್ಲಿ ಅವನ ಕೈಗೆ ಸಿಗುವ ಭಾರವೇ ಉಡುಪಿಯ ಯಾವ ಸ್ಪೋರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ! ಲೆದರ್ ಚೆಂಡಿನ ಹೊಲಿಗೆ ಕೆರೆಯುತ್ತದೆ, ಹಾಗಾಗಿ ಹಾಕಿ ಚೆಂಡೇ ವಾಸಿ. ಬೆಳಿಗ್ಗೆ ಭಾರದ ಚೆಂಡಿನಲ್ಲಿ ಶುರು ಮಾಡಿ, ಹಗುರದ್ದರಲ್ಲಿ ಮುಗಿಸಿ. ಭಾರದ್ದರಿಂದ ಹಗುರಕ್ಕೆ ಬಂದ ಕೂಡಲೇ ಕೈ ಹಕ್ಕಿಯಂತೆ ಹಾರುತ್ತದೆ, ಮಕ್ಕಳಿಗೆ ಅದೇ ಖುಷಿ. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿಗೆ ಅವನಿಗೆ ಆಡಬೇಕೆನಿಸಿದರೆ ಎರಡು ಜೊತೆ ಕಾಲುಚೀಲ ಸುತ್ತಿ ಉಂಡೆ ಮಾಡಿ ಕೊಡಿ. ತಮಾಷೆಯಲ್ಲ, ಅದು ಉರುಳದೆ ಜಾರುತ್ತದೆ, ಪಕ್‌ಗೆ ಅದೇ ಹತ್ತಿರ.

ಇನ್ನು ಕೈ. ಮೇಲಿನ ಕೈ ಯಜಮಾನ, ಕೆಳಗಿನ ಕೈ ಜೊತೆಗಾರ. ಮೇಲಿನ ಕೈ ಸ್ಟಿಕ್ಕಿನ ತಲೆಯನ್ನು ಗಟ್ಟಿ ಹಿಡಿದು ಮಣಿಕಟ್ಟಿನಿಂದ ತಿರುಗಿಸುತ್ತದೆ, ಕೆಳಗಿನ ಕೈ ಸಡಿಲ ಬಳೆಯ ಹಾಗೆ ಸ್ಟಿಕ್ಕಿನ ಸುತ್ತ ಇರುತ್ತದೆ, ಬೇಕೆಂದಾಗ ಮೇಲೆ ಕೆಳಗೆ ಜಾರುತ್ತದೆ. ಮಕ್ಕಳು ಮಾಡುವ ದೊಡ್ಡ ತಪ್ಪು ಇಲ್ಲೇ. ಎರಡೂ ಕೈಯಲ್ಲಿ ಹಾರೆ ಹಿಡಿದ ಹಾಗೆ ಹಿಡಿದು, ಭುಜದಿಂದ ದೂಡುತ್ತಾರೆ. ಮಣಿಕಟ್ಟು ತಿರುಗಬೇಕು ಅಂದರೆ ಏನೆಂದು ತೋರಿಸಲು ನನಗೆ ಗೊತ್ತಿರುವ ಉತ್ತಮ ಕೋಚ್ ಹೆರೆಮಣೆ ಮುಂದೆ ಕೂತ ಅಜ್ಜಿ. ತೆಂಗಿನಕಾಯಿ ಹೋಳನ್ನು ಹೇಗೆ ಆಚೆ ಈಚೆ ಹೊರಳಿಸುತ್ತಾರೆ ನೋಡಿ, ಮೊಣಕೈ ಹೆಚ್ಚು ಅಲ್ಲಾಡುವುದಿಲ್ಲ, ಹೊರಳುವುದೆಲ್ಲ ಮಣಿಕಟ್ಟಿನಲ್ಲಿ. ಆ ಹೊರಳು ಬಂದರೆ ಬ್ಲೇಡ್ ಚೆಂಡಿನ ಮೇಲೆ ಸ್ವಲ್ಪ ಬಾಗಿ, ಅಂಗೈಯಿಂದ ಮುಚ್ಚಿದ ಹಾಗೆ ಬರುತ್ತದೆ. ಬಲಕ್ಕೆ ಹೋದಾಗ ಬಲದಿಂದ ಮುಚ್ಚು, ಎಡಕ್ಕೆ ಬಂದಾಗ ಎಡದಿಂದ ಮುಚ್ಚು. ಮಂಡಿ ಮಡಚಿರಬೇಕು, ಮೇಲಿನ ಕೈ ಹೊಟ್ಟೆಯಿಂದ ದೂರ ಇರಬೇಕು. ದೇಹದ ವಿಷಯ ಇಷ್ಟು ಸಾಕು, ಜಾಸ್ತಿ ಹೇಳಿದರೆ ಮಕ್ಕಳು ಮರದ ಬೊಂಬೆ ಆಗುತ್ತಾರೆ.

ಅವನು ಸರಿ ಮಾಡುತ್ತಿದ್ದಾನಾ ಎಂದು ನನಗೆ ಹೇಗೆ ಗೊತ್ತಾಗಬೇಕು ಅಂತ ನೀವು ಕೇಳಬಹುದು. ಕಿವಿಯಿಂದ. ನೀವು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಾ ಕೂತಿರಿ. ಟಕ್, ಟಕ್, ಟಕ್ ಅಂತ ಮೊಳೆ ಹೊಡೆದ ಶಬ್ದ ಬಂದರೆ ಕೈ ಬಿಗಿಯಾಗಿದೆ, ಚೆಂಡಿಗೆ ಹೊಡೆಯುತ್ತಿದ್ದಾನೆ. ಮೆತ್ತಗೆ, ಸಮನಾಗಿ, ಹಂಚಿನ ಮಾಡಿನಿಂದ ಮಳೆ ನಿಂತ ಮೇಲೆ ನೀರು ತೊಟ್ಟಿಕ್ಕುವ ಹಾಗೆ ಕೇಳಿದರೆ ಚೆಂಡನ್ನು ಹಿಡಿದು ಹಿಡಿದು ಬಿಡುತ್ತಿದ್ದಾನೆ ಅಂತ ಅರ್ಥ. "ಶಬ್ದ ಕಮ್ಮಿ ಮಾಡು ಮಗಾ" ಅಂತ ಒಂದು ಮಾತು ಹೇಳಿ, ಸಾಕು. ಮಣಿಕಟ್ಟು, ಮೊಣಕೈ, ಕೋನ ಅಂತ ಅರ್ಧ ಗಂಟೆ ನಾನು ಭಾಷಣ ಮಾಡಿದಾಗ ಸರಿಯಾಗದ ಮಕ್ಕಳು ಈ ಒಂದು ಮಾತಿಗೆ ಸರಿಯಾದದ್ದನ್ನು ನೋಡಿದ್ದೇನೆ.

ಈಗ ಮುಖ್ಯ ವಿಷಯ. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಮನೆಯಲ್ಲಿ ಅಭ್ಯಾಸ ಮಾಡುವ ಹುಡುಗರಲ್ಲಿ ಹೆಚ್ಚಿನವರು ಚೆಂಡನ್ನೇ ನೋಡುತ್ತಾ ಮಾಡುತ್ತಾರೆ. ನೋಡಲು ಬಹಳ ಚಂದ, ವಿಡಿಯೋಗೂ ಚಂದ, ಆಟಕ್ಕೆ ಮಾತ್ರ ಕೆಲಸಕ್ಕೆ ಬಾರದು. ಐಸ್ ಮೇಲೆ ತಲೆ ತಗ್ಗಿಸಿ ಹೋದರೆ ಎದುರಾಳಿ ಎಲ್ಲಿಂದ ಬಂದ, ಪಕ್ ಯಾರಿಗೆ ಕೊಡಬೇಕು ಒಂದೂ ಗೊತ್ತಾಗುವುದಿಲ್ಲ. ಮೇಲಾಗಿ ಡಿಕ್ಕಿ ಹೊಡೆದು ಪೆಟ್ಟಾಗುತ್ತದೆ. ಚೆಂಡು ಬ್ಲೇಡಿನಲ್ಲಿ ಎಲ್ಲಿದೆ ಎಂದು ಹೇಳಬೇಕಾದದ್ದು ಕೈ. ಹಾಗಾಗಿ ನಿಮ್ಮ ಮನೆಯಲ್ಲಿ ನಿಜವಾದ ತರಬೇತಿ ಅಂದರೆ ಅವನ ಕಣ್ಣಿಗೆ ಬೇರೆ ಕೆಲಸ ಕೊಡುವುದು. ಇದಕ್ಕೆ ನೀವು, ನಿಮ್ಮ ಮನೆಯವರು ಇಬ್ಬರೂ ಬೇಕು. ಮೊದಲ ನಾಲ್ಕೈದು ದಿನ ನೋಡಿಕೊಂಡೇ ಆಡಲಿ. ಆಮೇಲೆ ನೀವು ಅವನ ಎದುರು ಐದಾರು ಅಡಿ ದೂರ ಕುರ್ಚಿ ಹಾಕಿ ಕೂತು, ಮುಖದ ಎತ್ತರಕ್ಕೆ ಕೈ ಎತ್ತಿ ಬೆರಳು ತೋರಿಸಿ. ಅವನು ಚೆಂಡು ಆಡಿಸುತ್ತಲೇ ಎಷ್ಟು ಬೆರಳು ಎಂದು ಹೇಳಬೇಕು. ತುಳುವಿನಲ್ಲಿ ಹೇಳಬೇಕು ಅಂತ ನಿಯಮ ಮಾಡಿ. ಒಂಜಿ, ರಡ್ಡ್, ಮೂಜಿ. ಇಂಗ್ಲಿಷಿನಲ್ಲಿ ಅಂಕಿ ಬಾಯಿಗೆ ತಾನಾಗಿ ಬರುತ್ತದೆ, ತುಳುವಿನಲ್ಲಿ ಅವನು ಯೋಚಿಸಬೇಕು. ಯೋಚಿಸುವಾಗ ಕೈ ನಿಂತೇ ನಿಲ್ಲುತ್ತದೆ, ಮೊದಲ ವಾರ ಚೆಂಡು ಪದೇ ಪದೇ ಮಂಚದ ಅಡಿಗೆ ಹೋಗುತ್ತದೆ. ಹೋಗಲಿ. ತಲೆ ಬೇರೆ ಕಡೆ ಇರುವಾಗಲೂ ಕೈ ನಡೆಯಬೇಕು, ಅದೇ ಅಲ್ಲಿ ಬೇಕಾದದ್ದು. ಹೇಗೂ ಎರಡು ತಿಂಗಳಲ್ಲಿ ಪತ್ತ್ ತನಕ ಎಣಿಸಲು ಕಲಿಯುತ್ತಾನೆ, ಅದು ನಿಮಗೆ ಲಾಭ.

ಬೆರಳು ಬೇಸರವಾದರೆ ಕ್ಯಾಲೆಂಡರ್ ಓದಿಸಿ, ಗೋಡೆಯ ಮೇಲಿರುವ ಫೋಟೋದಲ್ಲಿ ಯಾರ್ಯಾರು ಎಂದು ಕೇಳಿ. ಅಜ್ಜಿ ಒಂದು ಸಣ್ಣ ಚೆಂಡನ್ನು ಅವನತ್ತ ಎಸೆದು, ಅವನು ಒಂದು ಕೈಯಲ್ಲಿ ಸ್ಟಿಕ್ ಆಡಿಸುತ್ತಾ ಇನ್ನೊಂದರಲ್ಲಿ ಹಿಡಿಯುವುದು ಆಗಸ್ಟ್ ಹೊತ್ತಿಗೆ ಬರಬಹುದು. ಇನ್ನು ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಸಂಜೆ ಕರೆಂಟ್ ಹೋದ ಕೂಡಲೇ ಸ್ಟಿಕ್ ಕೊಡಿ, ಮಂದ ಬೆಳಕಲ್ಲಿ ನೋಡಬೇಕೆಂದರೂ ಕಾಣುವುದಿಲ್ಲ. ಚಾವಡಿಯಲ್ಲಿ ಯಾರೂ ಅಡ್ಡ ಇಲ್ಲ, ಕಾಲಿಗೆ ಸಿಗುವ ಸಾಮಾನು ಇಲ್ಲ ಎಂದು ನೋಡಿಕೊಳ್ಳಿ ಅಷ್ಟೆ.

ಏನೇನು ಆಡಿಸಬೇಕು ಅನ್ನುವುದು ಅಷ್ಟು ದೊಡ್ಡ ವಿಷಯವಲ್ಲ. ಎದುರಿಗೆ ಒಂದು ಗೇಣು ಅಗಲದಲ್ಲಿ ಆಚೆ ಈಚೆ, ಆಮೇಲೆ ಕೈ ಚಾಚಿ ಎಷ್ಟು ಅಗಲ ಹೋಗುತ್ತದೋ ಅಷ್ಟು, ಆಮೇಲೆ ಬಲಪಕ್ಕದಲ್ಲಿ ಮುಂದೆ ಹಿಂದೆ, ಎಡಪಕ್ಕದಲ್ಲಿ ಮುಂದೆ ಹಿಂದೆ. ಬ್ಲೇಡಿನ ಬೆನ್ನಿನ ಕಡೆ ಯಾವ ಪಕ್ಕ ಬರುತ್ತದೋ ಆ ಪಕ್ಕ ಎಲ್ಲ ಮಕ್ಕಳಿಗೂ ಕಷ್ಟ, ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು. ಎರಡು ತೆಂಗಿನ ಗೆರಟೆ ಮಗುಚಿ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಚೆಂಡು ಒಯ್ಯಲಿ. ಅಂಗಡಿಯ ಪ್ಲಾಸ್ಟಿಕ್ ಕೋನ್ ಬೇಡ, ಗೆರಟೆ ತಾಗಿದರೆ ಟೊಳ್ಳು ಶಬ್ದ ಬರುತ್ತದೆ, ತಪ್ಪು ತಾನೇ ಗೊತ್ತಾಗುತ್ತದೆ. ದಿನಕ್ಕೆ ಒಂದು ಸಲ ಮೇಲಿನ ಕೈ ಒಂದರಲ್ಲೇ ಆಡಿಸಲಿ, ಕೆಳಗಿನ ಕೈ ಬೆನ್ನ ಹಿಂದೆ. ನೋಯುತ್ತದೆ ಅನ್ನುತ್ತಾನೆ. ಮುಂಗೈ ದಣಿದ ನೋವಾದರೆ ನಿಲ್ಲಿಸಿ ಮರುದಿನ ಮಾಡಿ, ಮಣಿಕಟ್ಟಿನ ಕೀಲಿನಲ್ಲೇ ನೋವು ಅಂದರೆ ಕೆಲವು ದಿನ ಸ್ಟಿಕ್ ಒಳಗಿಡಿ. ಕೊನೆಗೆ ನಡೆಯುತ್ತಾ, ಚಾವಡಿಯ ಕಂಬಗಳ ನಡುವೆ ತೂರಿಕೊಂಡು ಹೋಗಲಿ, ಇದು ಅವರಿಗೆ ಆಟವೇ.

ಹೊತ್ತು? ನಲವತ್ತು ಸೆಕೆಂಡ್ ಪೂರ್ತಿ ಜೋರು, ಮತ್ತೆ ಅಷ್ಟೇ ಹೊತ್ತು ವಿಶ್ರಾಂತಿ. ಐಸ್ ಮೇಲೆ ದೊಡ್ಡವರೂ ಒಂದು ಸಲಕ್ಕೆ ಮುಕ್ಕಾಲು ನಿಮಿಷದ ಆಸುಪಾಸು ಆಡಿ ಬೆಂಚಿಗೆ ಬರುತ್ತಾರೆ, ಅದೇ ಲೆಕ್ಕ. ಒಟ್ಟು ಹದಿನೈದು ನಿಮಿಷ, ವಾರಕ್ಕೆ ಐದು ದಿನ. "ಇನ್ನೈದು ನಿಮಿಷ ಅಜ್ಜಾ" ಅಂತ ಅವನೇ ಕೇಳಿದರೆ ಕೊಡಿ, ನೀವಾಗಿ ಎಳೆಯಬೇಡಿ. ದಿನಕ್ಕೆ ಸಾವಿರ ಸಲ, ಎರಡು ಸಾವಿರ ಸಲ ಎಂದು ಎಣಿಸುವ ಅಪ್ಪಂದಿರನ್ನು ನೋಡಿದ್ದೇನೆ, ಮಗು ಬೇಗ ಮುಗಿಸಲು ಹೇಗೋ ಹೊಡೆಯುತ್ತದೆ, ಶಬ್ದ ಟಕ್ ಟಕ್ ಆಗುತ್ತದೆ.

ಮನೆಯೊಳಗೆ ಶಾಟ್ ಹೊಡೆಯಲು ಮಾತ್ರ ಬಿಡಬೇಡಿ. ಅವನು ಕೆನಡಾದ ದೊಡ್ಡ ಐಸ್ ಹಾಕಿ ಆಟಗಾರ ಸಿಡ್ನಿ ಕ್ರಾಸ್ಬಿ ಕಥೆ ಹೇಳಿಯೇ ಹೇಳುತ್ತಾನೆ. ಕ್ರಾಸ್ಬಿ ಚಿಕ್ಕವನಿದ್ದಾಗ ಕೋಲ್ ಹಾರ್ಬರ್‌ನ ಮನೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಮೆಷಿನ್‌ಗೆ ಪಕ್ ಹೊಡೆದು ಹೊಡೆದು ಅದು ನುಗ್ಗುನುಗ್ಗಾಗಿ, ಈಗ ಅದನ್ನು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ಅದು ನಿಜ. ನಿಮ್ಮ ವಾಷಿಂಗ್ ಮೆಷಿನ್ ಮ್ಯೂಸಿಯಂಗೆ ಹೋಗುವ ಭರವಸೆ ಇಲ್ಲ. ಅದಕ್ಕೆ ಬದಲು ಅಲ್ಲಿನ ಇನ್ನೊಬ್ಬ ದೊಡ್ಡ ಆಟಗಾರ ವೇಯ್ನ್ ಗ್ರೆಟ್ಸ್ಕಿ ಕಥೆ ನೀವು ಹೇಳಿ. ಅವನ ಅಪ್ಪ ಬ್ರಾಂಟ್‌ಫೋರ್ಡ್‌ನ ಹಿತ್ತಲಲ್ಲಿ ನೀರು ಬಿಟ್ಟು ಐಸ್ ಮಾಡಿ, ಖಾಲಿ ಡಬ್ಬಗಳನ್ನು ಇಟ್ಟು ಅವುಗಳ ನಡುವೆ ಮಗನನ್ನು ಆಡಿಸುತ್ತಿದ್ದರು. ಅವರ ಡಬ್ಬ, ನಮ್ಮ ಗೆರಟೆ.

ಯೂಟ್ಯೂಬ್ ನೋಡಿ ಕಾಲಿನ ನಡುವೆ, ಬೆನ್ನ ಹಿಂದೆ ಎಂದು ಸರ್ಕಸ್ ಮಾಡಿದರೆ ಬೈಯಬೇಡಿ, ಹದಿನೈದು ನಿಮಿಷ ಮುಗಿದ ಮೇಲೆ ಮಾಡಲಿ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಹೋಗಿ ಐಸ್ ಮೇಲೆ ನಿಂತಾಗ ಮೊದಲ ಒಂದೆರಡು ಪ್ರಾಕ್ಟೀಸ್ ಕೈ ತಪ್ಪುತ್ತದೆ. ಪಕ್ ಉರುಳುವುದಿಲ್ಲ, ಜಾರುತ್ತದೆ, ಕಾಲಿನಡಿ ಸ್ಕೇಟ್ಸ್ ಬೇರೆ. "ಅಜ್ಜನ ಮನೆಯಲ್ಲಿ ಮಾಡಿದ್ದೆಲ್ಲ ಹೋಯ್ತು" ಅಂತ ಫೋನ್ ಮಾಡಿದರೆ ನೀವು ಗಾಬರಿಯಾಗಬೇಡಿ, ಮೂರನೆಯದಕ್ಕೆ ಸರಿಯಾಗುತ್ತದೆ.

ತರಿಸಬೇಕಾದದ್ದು ಇಷ್ಟೇ: ಹಳೇ ಸ್ಟಿಕ್ ಒಂದು, ಬ್ಲೇಡಿಗೆ ಸುತ್ತುವ ಬಟ್ಟೆಯ ಟೇಪ್ ಎರಡು ರೋಲ್. ಗಾಲ್ಫ್ ಚೆಂಡು ಎರಡು ಬ್ಯಾಗಿನ ಮೂಲೆಗೆ ಹಾಕಿದರೆ ಆಯಿತು. ಹಾಕಿ ಚೆಂಡು ನೀವು ಇಲ್ಲೇ ತಂದಿಡಿ. ಟೇಪ್ ಮಾತ್ರ ಮರೆಯದ ಹಾಗೆ ಮಗಳಿಗೆ ಇನ್ನೊಮ್ಮೆ ಹೇಳಿ, ಎಲೆಕ್ಟ್ರಿಷಿಯನ್ ಬಳಸುವ ಪ್ಲಾಸ್ಟಿಕ್ ಟೇಪ್ ಸುತ್ತಿದರೆ ಚೆಂಡು ಬ್ಲೇಡಿನಲ್ಲಿ ನಿಲ್ಲುವುದೇ ಇಲ್ಲ.